ಸೊರಬದ ಏರಿಗೆ ಮೂರು ಚೈನ್‌ವೀಲ್

ಮೇಷ್ಟ್ರು ರಸ್ತೆಯಲ್ಲಿ ಸಾಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸುದ್ದಿ ಕೇಳಿದವರೆಲ್ಲ "ಸೈಕಲ್ ಮೇಲೇ ಹೋದ್ರೇನ್ರೀ?" ಎಂದು ಕೇಳುತ್ತಾರೆ. ಇಲ್ಲ. ಈ ಮಳೆಗಾಲದ ಕೊನೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ, ತಟ್ಟೆ ತೊಳೆದು ಬೋರಲು ಹಾಕಿ, ಮಂಚದ ಮೇಲೆ ಮಲಗಿದವರು ಏಳಲಿಲ್ಲ. ಸಂಜೆಯ ಹಾಲಿನ ಪ್ಯಾಕೆಟ್ ಬಾಗಿಲಲ್ಲೇ ಬಿದ್ದಿದೆಯೆಂದು ಪಕ್ಕದ ಮನೆಯ ನಾನೇ ಹೋಗಿ ನೋಡಿದೆ. ನಾಡಿ ಹಿಡಿದು ನೋಡುವ ಅಗತ್ಯವಿರಲಿಲ್ಲ. ಆದರೂ ಹಿಡಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ನಿವೃತ್ತಳಾದವಳು ನಾನು; ಕೈ ತನ್ನ ಕೆಲಸ ತಾನೇ ಮಾಡುತ್ತದೆ.

ನಾನು ವರ್ಷಗಟ್ಟಲೆ ಹೆದರಿದ್ದು ರಸ್ತೆಗೆ. ಗುರುವಾರ ಬೆಳಗಾಗುವ ಮೊದಲೇ ಅವರ ಗೇಟಿನ ಸದ್ದು ಕೇಳಿದರೆ ನಾನು ಎದ್ದು ಕಿಟಕಿಗೆ ಬರುತ್ತಿದ್ದೆ. ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಶಿಕಾರಿಪುರದಿಂದ ಶಿರಾಳಕೊಪ್ಪ, ಅಲ್ಲಿಂದ ಸೊರಬ. ಮರಳಿನ ಲಾರಿಗಳು, ಮೆಕ್ಕೆಜೋಳದ ಟ್ರ್ಯಾಕ್ಟರುಗಳು, ಪೈಪೋಟಿಗೆ ಬಿದ್ದ ಖಾಸಗಿ ಬಸ್ಸುಗಳು. ಸೊರಬ ಮುಟ್ಟಿದ ಮೇಲೆ ಅವರು ನನಗೊಂದು ಮಿಸ್ಡ್ ಕಾಲ್ ಕೊಡಬೇಕು ಎಂದು ಕರಾರು. ಅದು ಬರುವವರೆಗೆ ನಾನು ಸ್ನಾನಕ್ಕೂ ಹೋಗುತ್ತಿರಲಿಲ್ಲ. ಸರಿಯಾದ ಹೊತ್ತಿಗೆ ಸ್ನಾನ, ಸರಿಯಾದ ಹೊತ್ತಿಗೆ ತಿಂಡಿ ಎಂದು ಜೀವಮಾನವಿಡೀ ನಡೆದುಕೊಂಡವಳಿಗೆ ಗುರುವಾರ ಮಾತ್ರ ಎಲ್ಲ ಏರುಪೇರು.

ಒಮ್ಮೆ ಇದನ್ನು ಅವರಿಗೇ ಹೇಳಿದೆ. "ಸಿಸ್ಟರ್‌ ಅವ್ರೇ, ನನ್ ಪಾಲಿಂದೂ ನೀವೇ ಹೆದ್ರಿಬಿಡ್ರಿ. ನಂಗೆ ತುಳಿಯೋದ್ರಲ್ಲೇ ಹೊತ್ತು ಹೋಗ್ತೈತಿ" ಅಂದರು.

ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಪ್ರೌಢಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಟ್ಟವರು. ಎಲ್ಲರಿಗೂ ಬರೀ ಮೇಷ್ಟ್ರು. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ. ಎಪಿಎಂಸಿ ಯಾರ್ಡಿನ ಹಮಾಲರಿಂದ ತಾಲ್ಲೂಕು ಕಚೇರಿಯ ಗುಮಾಸ್ತರವರೆಗೆ ಅರ್ಧ ಊರು ಅವರ ಮುಂದೆ ಕೂತು ಹೂಜಿ, ಬಾಳೆಹಣ್ಣು ಬರೆದಿದೆ. ಯಾರಾದರೂ ಮೋಟಾರ್ ಸೈಕಲ್ ನಿಲ್ಲಿಸಿ ಕೈ ಮುಗಿದರೆ "ಈಗ್ಲೂ ಬರೀತೀಯೇನೋ?" ಎಂದು ಕೇಳುವರು. "ಎಲ್ಲಿ ಸರ್, ಟೈಮ್ ಇಲ್ಲ" ಎಂದರೆ "ಹಂಗಾರೆ ಇಲ್ಲಿ ನಿಂತು ಯಾಕ್ ಟೈಮ್ ಹಾಳ್ ಮಾಡ್ತೀ, ಹೊರಡು" ಎನ್ನುವರು. ಅವನು ನಗುತ್ತಲೇ ಹೋಗುವನು.

ಜೇಬಿನಲ್ಲಿ ಸದಾ ಒಂದು ಪೆನ್ಸಿಲ್. ಅದನ್ನು ತೋಳಿನುದ್ದ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಜಾರಿಸುತ್ತ ಕಂಡದ್ದನ್ನೆಲ್ಲ ಅಳೆಯುವುದು ಅವರ ಚಟ. ನಾನು ಹೊಸ ಗೇಟು ಹಾಕಿಸಿದ ದಿನ ನನ್ನನ್ನು ಅದರ ಪಕ್ಕ ನಿಲ್ಲಿಸಿ ಅಳೆದು, "ಒಂದೂಕಾಲು ಸಿಸ್ಟರ್ ಐತ್ರೀ ನಿಮ್ ಗೇಟು" ಎಂದು ವರದಿ ಕೊಟ್ಟರು.

ಪರಿಚಯವಾದದ್ದು ನಾನು ಇನ್ನೂ ಕೆಲಸದಲ್ಲಿದ್ದಾಗ. ಬಲಮಂಡಿ ಊದಿಸಿಕೊಂಡು ಆಸ್ಪತ್ರೆಗೆ ಬಂದಿದ್ದರು. ಸರದಿ ಬರುವವರೆಗೆ ಸುಮ್ಮನಿರದೆ ಹೊರರೋಗಿ ಚೀಟಿಯ ಹಿಂದೆ ತಮ್ಮ ಎರಡೂ ಮಂಡಿಗಳ ಚಿತ್ರ ಬರೆದಿಟ್ಟಿದ್ದರು. ನಾನು ಗದರಿದೆ. "ಸರ್ಕಾರಿ ಚೀಟಿ ಮೇಲೆ ಏನ್ರೀ ಇದು?" ಅವರು ತಣ್ಣಗೆ, "ಬಾಯಲ್ಲಿ ಹೇಳಿದ್ರೆ ಡಾಕ್ಟ್ರು 'ಸ್ವಲ್ಪ ಊದೈತೆ' ಅಂತ ಬರ್ಕೊಂತಾರೆ. ಎಷ್ಟು ಅಂತ ಕಾಣ್ಲಿ ಅಂತ" ಎಂದರು. ಚಿತ್ರ ನೋಡಿ ಡಾಕ್ಟರಿಗೆ ನಗು ಬಂತು. ಆದರೆ ಮಾತು ಮಾತ್ರ ಗಟ್ಟಿಯಾಗಿ ಹೇಳಿದರು: ಸೈಕಲ್ ಬಿಡಿ, ಬಿಡದಿದ್ದರೆ ಈ ಮಂಡಿ ನಿಮ್ಮನ್ನು ಬಿಡುತ್ತದೆ.

ಅವರು ಸೈಕಲ್ ಬಿಡುವ ಹಾಗಿರಲಿಲ್ಲ. ಕಾರಣ ಗೊತ್ತಾದದ್ದು ನನ್ನ ನಿವೃತ್ತಿಯ ನಂತರ ಅವರ ಪಕ್ಕದ ಮನೆಗೆ ಬಂದ ಮೇಲೆ.

ಸೊರಬದ ಅಂಚಿನಲ್ಲಿ ಅವರ ಅಕ್ಕನ ಮನೆ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಾಗ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಆ ಅಕ್ಕ. ಇವರು ಮದುವೆಯಾಗಲಿಲ್ಲ, ತಮ್ಮವರು ಎನ್ನಲು ಅವರೊಬ್ಬರೇ. ಕೆಲವು ವರ್ಷಗಳಿಂದ ಅಕ್ಕನಿಗೆ ನೆನಪು ಹೋಗುತ್ತ ಬಂದಿತ್ತು. ಮೊದಲು ಹೆಸರುಗಳು, ಆಮೇಲೆ ಮುಖಗಳು. ಮಗನನ್ನು ಯಾರೋ ಬಾಡಿಗೆಗೆ ಇರುವವನು ಅಂದುಕೊಳ್ಳುವರು. ಸೊಸೆಯನ್ನು "ನೀ ಯಾರ ಪೈಕಿ?" ಎಂದು ದಿನಾ ಕೇಳುವರು. ತಮ್ಮನ ಮುಖವೂ ಅಳಿಸಿಹೋಗಿತ್ತು. ಉಳಿದದ್ದು ಒಂದೇ: ತಮ್ಮನ ಸೈಕಲ್ಲಿನ ಸದ್ದು.

ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರುತ್ತದಲ್ಲ, ಕಾಲು ನಿಂತು ಚಕ್ರ ಓಡುವಾಗ ಟಿಕಟಿಕ ಎನ್ನುತ್ತದೆ. ಮೇಷ್ಟ್ರದು ಹೊರದೇಶದ ಹಳೆಯ ರೇಸ್ ಸೈಕಲ್, ಯಾವುದೋ ಕಾಲದಲ್ಲಿ ಕಾಲೇಜಿನ ದೈಹಿಕ ಶಿಕ್ಷಣದವರೊಬ್ಬರಿಂದ ಕೊಂಡದ್ದು. ಅದರ ಫ್ರೀವೀಲಿನ ಸದ್ದು ಬೇರೆಯವುಗಳಂತೆ ಮೆತ್ತಗಿಲ್ಲ. ಒಣಗಿದ ಬೀಜ ಡಬ್ಬಿಯಲ್ಲಿ ಕುಲುಕಿದಂತೆ ಗಟ್ಟಿ. ಆ ಸದ್ದು ಗೇಟಿನ ಹತ್ತಿರ ಬಂದರೆ ಅಕ್ಕ ಒಳಗಿನಿಂದಲೇ "ತಮ್ಮಾ, ಬಂದ್ಯನಾ?" ಎನ್ನುವರು. ಆಮೇಲೆ ಬಂದವನು ತಮ್ಮನೇ. ಅವರ ಕೈಯಿಂದ ಮಾತ್ರೆ ನುಂಗುವರು, ಊಟ ಮಾಡುವರು, ಉಗುರು ಕತ್ತರಿಸಿಕೊಳ್ಳುವರು. ಬೇರೆ ಯಾರು ಕತ್ತರಿ ಹಿಡಿದರೂ ಕಿರುಚುವರು.

ಒಂದು ಮಳೆಗಾಲದಲ್ಲಿ ನನ್ನ ಒತ್ತಾಯಕ್ಕೆ ಮೇಷ್ಟ್ರು ಬಸ್ಸಿನಲ್ಲಿ ಹೋದರು. ಅಕ್ಕ ಅವರನ್ನು ಪಂಚಾಯಿತಿಯವರು ಅಂದುಕೊಂಡು, ಕಂದಾಯ ಕಟ್ಟಿಯಾಗಿದೆ, ಹೋಗಿ ಎಂದು ಬಾಗಿಲು ಹಾಕಿಕೊಂಡರಂತೆ. ಇವರು ಜಗುಲಿಯಲ್ಲಿ ಕೂತು, ಸೊಸೆ ಕೊಟ್ಟ ಕಾಫಿ ಕುಡಿದು ಬಂದರು. ಮಾರನೆಯ ದಿನ ಅದೇ ಮಳೆಯಲ್ಲಿ ಸೈಕಲ್ ಹತ್ತಿ ಮತ್ತೆ ಹೋದರು.

ಹೀಗಾಗಿ ಮಂಡಿ ಉಳಿಯಬೇಕು, ಸೈಕಲ್ಲೂ ಉಳಿಯಬೇಕು. ಆ ಸೈಕಲ್ಲಿಗೆ ಪೆಡಲ್ ಹತ್ತಿರ ಚೈನು ಕೂರುವ ಹಲ್ಲಿನ ಚಕ್ರಗಳು, ಚೈನ್‌ವೀಲ್‌ಗಳು, ಎರಡಿದ್ದವು, ಎರಡೂ ದೊಡ್ಡವು, ರೇಸಿನ ಹುಡುಗರ ತೊಡೆಗೆಂದು ಮಾಡಿದವು. ಏರಿನಲ್ಲಿ ಒಂದೊಂದು ತುಳಿತಕ್ಕೂ ಮಂಡಿಯ ಮೇಲೆ ಇಡೀ ಮೈಭಾರ. ಮೂರನೆಯದು, ತೀರ ಸಣ್ಣದೊಂದು ಚೈನ್‌ವೀಲ್ ಸಿಕ್ಕರೆ ಕಾಲು ಹಗುರವಾಗಿ ತಿರುಗುತ್ತದೆ. ನಿಧಾನವಾದರೂ ಏರು ಹತ್ತುತ್ತದೆ. ಅಂಥ ಮೂರು ಚೈನ್‌ವೀಲೂ ಪೆಡಲಿನ ತೋಳೂ ಸೇರಿದ ಕ್ರ್ಯಾಂಕ್‌ಗಳು ಹಿಂದೆ ದೂರಪ್ರಯಾಣದ ಸೈಕಲ್ಲುಗಳಿಗೆ ಬರುತ್ತಿದ್ದವಂತೆ. ಈಗ ಹಳೆಯ ಸಾಮಾನಿನಲ್ಲಿ ಹುಡುಕಬೇಕು.

ಬಸ್ ಸ್ಟ್ಯಾಂಡ್ ಹಿಂದಿನ ಸೈಕಲ್ ಅಂಗಡಿಯ ರಫೀಕ್ ಭಾಯಿಗೆ ಇದು ತಲೆಕೆಟ್ಟ ಕೆಲಸವೆನಿಸಿತು. ಅವನೂ ಮೇಷ್ಟ್ರ ಶಿಷ್ಯನೇ.

"ಮೇಷ್ಟ್ರೇ, ಹಿಂದಿನ ಫ್ರೀವೀಲ್ ಬದಲಾಯಿಸ್ರೀ. ದೊಡ್ಡ ಹಲ್ಲಿಂದು ಹಾಕಿದ್ರೆ ಚಾ ಕುಡಿಯೋದ್ರಾಗೆ ಕೆಲ್ಸ ಮುಗೀತೈತಿ. ಮುಂದಿಂದಕ್ಕೆ ಕೈ ಹಾಕೋದಂದ್ರೆ ಮದುವೆ ಮಾಡಿಸ್ದಂಗ. ನಿಮ್ಮೋರು ಜಾತಕ ನೋಡ್ತಾರಲ್ಲ, ಹಂಗೆ ಒಂದಕ್ಕೊಂದು ಕೂಡಬೇಕು."

"ಹಿಂದಿಂದು ಮುಟ್ಟಂಗಿಲ್ಲ ಅಂದ್ನಲ್ಲೋ."

"ಸದ್ದಿಗೋಸ್ಕರ?"

"ಸದ್ದಿಗೋಸ್ಕರನೇ."

ರಫೀಕ್ ನನ್ನ ಕಡೆ ನೋಡಿದ. "ಸಿಸ್ಟರ್, ಇವರಿಗೆ ಕಿವಿ ಡಾಕ್ಟ್ರನ್ನ ತೋರಿಸ್ರೀ, ಮಂಡಿ ಡಾಕ್ಟ್ರು ಬ್ಯಾಡ." ಹಾಗೆಂದನಾದರೂ ಬೆಂಗಳೂರಿನ ಹಳೆ ಸಾಮಾನಿನವನೊಬ್ಬನ ನಂಬರು ಕೊಟ್ಟವನು ಅವನೇ.

ಮೊದಲ ಕ್ರ್ಯಾಂಕ್ ಬಂದಾಗ ಮೇಷ್ಟ್ರು ಪೊಟ್ಟಣ ಬಿಚ್ಚಿದವರೇ ಹಳೆಯದರ ಪಕ್ಕ ಇಟ್ಟು ನೋಡಿ ಮತ್ತೆ ಕಟ್ಟಿದರು. ಹೊಳೆಯುವ ವಸ್ತು, ಮೂರೂ ಚಕ್ರ ಚೆನ್ನಾಗಿದ್ದವು. ನನಗೆ ಅರ್ಥವಾಗಲಿಲ್ಲ.

"ತೋಳು ಉದ್ದ ಐತ್ರೀ ಇದಕ್ಕೆ, ಅರ್ಧ ಬೆರಳು" ಎಂದರು. ಪೆಡಲ್ ಕೂರುವ ತೋಳು ಉದ್ದವಾದಷ್ಟೂ ಕಾಲು ದೊಡ್ಡ ಸುತ್ತು ತಿರುಗಬೇಕು, ಮಂಡಿ ಹೆಚ್ಚು ಮಡಚಬೇಕು. ಯಾವ ಮಂಡಿಗೆ ಆರಾಮ ಕೊಡಲು ಹೊರಟಿದ್ದೇವೋ ಅದಕ್ಕೇ ಪೆಟ್ಟು. ಇದು ನನಗೂ ಒಪ್ಪಿಗೆಯಾಯಿತು. ವಾಪಸ್ಸು.

ಎರಡನೆಯದರ ತೋಳು ಸರಿಯಿತ್ತು. ಆದರೆ ಸಣ್ಣ ಚೈನ್‌ವೀಲನ್ನು ಹಿಡಿದಿಡುವ ಐದು ಬೋಲ್ಟುಗಳಲ್ಲಿ ಒಂದರ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಸವೆದು ಹೋಗಿತ್ತು. ಬೋಲ್ಟ್ ಸುಮ್ಮನೆ ಸುತ್ತುತ್ತಿತ್ತು.

"ನಾಲ್ಕರಲ್ಲಿ ನಿಲ್ಲಲ್ವಾ ಮೇಷ್ಟ್ರೇ?" ಎಂದೆ.

"ನಿಲ್ತೈತಿ. ಏರು ಬರೋ ತನಕ."

ಅದೂ ವಾಪಸ್ಸು. ಈ ನಡುವೆ ಗುರುವಾರಗಳು ನಿಲ್ಲುತ್ತಿರಲಿಲ್ಲ. ಹಳೆಯ ಎರಡು ಚೈನ್‌ವೀಲಿನಲ್ಲೇ ಹೋಗಿ ಬರುವರು. ಶುಕ್ರವಾರ ನಾನು ಐಸ್ ಇಟ್ಟು ಬ್ಯಾಂಡೇಜ್ ಸುತ್ತುವೆ. ಊತ ಇಳಿಯಲು ಮೊದಲು ಒಂದು ದಿನ ಸಾಕಾಗುತ್ತಿತ್ತು. ಆಮೇಲೆ ಸೋಮವಾರವಾದರೂ ಇಳಿಯಲಿಲ್ಲ. ಒಮ್ಮೆ ಬುಧವಾರ ಸಂಜೆಯೂ ಊತ ಹಾಗೇ ಇತ್ತು. ಅಂದು ನಾನು ಅವರ ಗೇಟಿಗೆ ಬೀಗ ಹಾಕುವ ಯೋಚನೆಯನ್ನೂ ಮಾಡಿದೆ. ಮಾಡಲಿಲ್ಲ. ಹಾಕಿದ್ದರೆ ಸೊರಬದಲ್ಲಿ ಒಬ್ಬರು ಉಗುರು ಬೆಳೆಸಿಕೊಂಡು, ಮಾತ್ರೆ ಉಗಿದು ಕೂತಿರುತ್ತಿದ್ದರು. ಎರಡೂ ಕಡೆ ರೋಗಿಗಳೇ. ಯಾರ ಕಡೆ ನಿಲ್ಲುವುದು?

ಮೂರನೆಯದು ಜಪಾನಿನದು, ನಮ್ಮಿಬ್ಬರ ಸರ್ವೀಸಿನಷ್ಟೇ ಹಳೆಯದು. ಮೈತುಂಬ ಗೀರು. ಆದರೆ ತೋಳು ಸರಿ, ಮರೆಗಳು ಸರಿ, ಸಣ್ಣ ಚೈನ್‌ವೀಲಿಗೆ ಇಪ್ಪತ್ತೆಂಟೇ ಹಲ್ಲು. ಮೇಷ್ಟ್ರು ಅದನ್ನು ಡ್ರಾಯಿಂಗ್ ಶೀಟಿನ ಮೇಲೆ ಮಲಗಿಸಿ, ಐದು ಬೋಲ್ಟಿನ ತೂತುಗಳನ್ನು ಚುಕ್ಕಿ ಇಟ್ಟು ಐದು ಮೂಲೆಯ ಆಕೃತಿ ಮಾಡಿ, ಕಂಪಾಸಿನಿಂದ ಅದರ ಸುತ್ತ ವೃತ್ತ ಎಳೆದು ಅಳೆದರು. ಮುಂದೆ ಹಲ್ಲು ಸವೆದಾಗ ಅದೇ ಅಳತೆಯ ಇನ್ನೊಂದು ಚಕ್ರ ಸಿಗುತ್ತದೆಯೇ ಎಂದು ನೋಡಲು. "ಮುಂದೆ ಅಂದ್ರೆ ಇನ್ನೆಷ್ಟು ವರ್ಷದ ಲೆಕ್ಕ ಮೇಷ್ಟ್ರೇ?" ಎಂದು ಕೇಳಿದೆ. "ಅಕ್ಕ ಎಷ್ಟು ವರ್ಷವೋ ಅದಕ್ಕಿಂತ ಒಂದು ವಾರ ಹೆಚ್ಚು" ಎಂದರು. ನಗುತ್ತ ಹೇಳಲಿಲ್ಲ.

ಆಮೇಲೆ ಎರಡೂ ಪೆಡಲ್ ತೋಳುಗಳನ್ನು ಸೇರಿಸುವ ಆಕ್ಸಲ್ಲಿನ ಗೋಳು. ಎರಡು ಚೈನ್‌ವೀಲಿಗೆಂದು ಇದ್ದ ಹಳೆಯ ಆಕ್ಸಲ್ ಗಿಡ್ಡ. ಅದಕ್ಕೆ ಹೊಸ ಕ್ರ್ಯಾಂಕ್ ಹಾಕಿದರೆ ಒಳಗಿನ ಸಣ್ಣ ಚೈನ್‌ವೀಲ್ ಸೀದಾ ಫ್ರೇಮಿನ ಕೊಳವೆಗೇ ತಾಗುತ್ತದೆ. ಉದ್ದನೆಯದು ಬೇಕು. ತೀರ ಉದ್ದವಾದರೆ ಚೈನು ಹಿಂದಿನ ಹಲ್ಲುಗಳಿಗೆ ಓರೆಯಾಗಿ ಎಳೆಯುತ್ತದೆ. ಸಾಲದ್ದಕ್ಕೆ, ಆಕ್ಸಲ್ಲಿನ ಚೌಕದ ತುದಿಯ ಓರೆಯಲ್ಲೇ ಎರಡು ಜಾತಿಯಂತೆ: ಕಣ್ಣಿಗೆ ಒಂದೇ, ಆದರೆ ಒಂದರ ಮೇಲೆ ಕ್ರ್ಯಾಂಕ್ ಹೆಚ್ಚು ಒಳಗೆ ಇಳಿಯುತ್ತದೆ, ಇನ್ನೊಂದರ ಮೇಲೆ ಮೊದಲೇ ಬಿಗಿಯುತ್ತದೆ. ಮೇಷ್ಟ್ರು ಕ್ರ್ಯಾಂಕನ್ನು ಚೀಲದಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋಗಿ, ಹಳೆಯ ಅಂಗಡಿಯೊಂದರ ಡಬ್ಬಿ ಸುರುವಿಸಿ, ಒಂದೊಂದನ್ನೂ ಕೈಯಿಂದ ಒತ್ತಿ ನೋಡಿ ಆರಿಸಿ ತಂದರು. ಅಂಗಡಿಯವನು ಕೊನೆಗೆ ಅವರಿಗೆ ಒಂದು ಸ್ಟೂಲು ಕೊಟ್ಟನಂತೆ.

ಜೋಡಿಸುವ ಕೆಲಸ ನಮ್ಮ ಜಗುಲಿಯಲ್ಲಿ ಆಯಿತು, ಬೆಳಕು ಚೆನ್ನಾಗಿದೆ ಎಂದು. ನಾನು ಹಳೆಯ ಹಸಿರು ಬಟ್ಟೆ ಹಾಸಿ, ಸ್ಟೀಲ್ ಟ್ರೇಯಲ್ಲಿ ಬೋಲ್ಟ್ ಬಿಗಿಯುವ ಪಾನಾ, ಸ್ಕ್ರೂಡ್ರೈವರ್, ಗ್ರೀಸು, ಒರೆಸುವ ಬಟ್ಟೆ ಎಲ್ಲ ಸಾಲಾಗಿ ಇಟ್ಟೆ. ಅವರು ಕೈ ಚಾಚುವುದು, ನಾನು ಕೊಡುವುದು. ಕ್ರ್ಯಾಂಕ್ ಎಳೆಯುವ ಉಪಕರಣ ತಂದ ರಫೀಕ್ ಗೇಟಿನಲ್ಲೇ ನಿಂತ.

"ಆಪರೇಷನ್ ನಡದೈತೇನ್ರೀ ಸಿಸ್ಟರ್? ಪೇಷಂಟ್ ಕಡೆಯೋರು ಹೊರಗಿರಬೇಕಾ?"

"ಕೈ ತೊಳ್ಕೊಂಡು ಒಳಗೆ ಬಾ" ಎಂದೆ.

ಹಳೆಯ ಕ್ರ್ಯಾಂಕ್ ಜಗ್ಗಲಿಲ್ಲ. ಆ ಉಪಕರಣದ ಮರೆ ಹರಿದರೆ ಕ್ರ್ಯಾಂಕೂ ಹಾಳು, ಆಕ್ಸಲ್ಲೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮರುದಿನ ಗುರುವಾರ. ಹೊಸದೂ ಇಲ್ಲದೆ ಹಳೆಯದೂ ಇಲ್ಲದೆ ಸೈಕಲ್ ಅರ್ಧಕ್ಕೆ ನಿಂತರೆ? ಮೇಷ್ಟ್ರು ಪಾನಾ ಹಿಡಿದೇ ಕಣ್ಣು ಮುಚ್ಚಿ ಕೂತರು. ರಫೀಕ್ ಬಾಯಿ ತೆರೆದ. ನಾನು ಕೈ ಸನ್ನೆ ಮಾಡಿದೆ. ಅವರು ಸ್ವಲ್ಪ ಸ್ವಲ್ಪವೇ ಬಿಗಿಸುತ್ತ ಬಂದರು. 'ಟಕ್' ಎಂದು ಸದ್ದಾಯಿತು. ಮುರಿಯಿತು ಅಂದುಕೊಂಡೆ. ಕ್ರ್ಯಾಂಕ್ ಅವರ ಕೈಯಲ್ಲಿತ್ತು, ಇಡಿಯಾಗಿ.

ಹೊಸ ಚೈನಿನ ಉದ್ದ ಅಳೆಯುವಾಗ ಅವರು ಮಾಡಿದ್ದು ನನಗೆ ಇಷ್ಟವಾಯಿತು. ಮುಂದಿನ ಎಲ್ಲಕ್ಕಿಂತ ದೊಡ್ಡ ಚಕ್ರ, ಹಿಂದಿನ ಎಲ್ಲಕ್ಕಿಂತ ದೊಡ್ಡ ಹಲ್ಲು, ಎರಡನ್ನೂ ಸುತ್ತಿಸಿ, ಮೇಲೆ ಇನ್ನೆರಡು ಕೊಂಡಿ ಬಿಟ್ಟು ಕತ್ತರಿಸಿದರು. ರಫೀಕ್ ತಕರಾರು ತೆಗೆದ: ಎರಡೂ ದೊಡ್ಡದಕ್ಕೆ ಒಟ್ಟಿಗೆ ಯಾರೂ ಹಾಕುವುದಿಲ್ಲ, ಚೈನು ಸುಮ್ಮನೆ ಜೋಲುತ್ತದೆ ಎಂದು.

"ಜೋತ್ರೆ ಜೋಲ್ಲಿ. ಗಿಡ್ಡ ಮಾಡಿದ್ರೆ, ಮರೆತು ಎರಡೂ ದೊಡ್ಡದಕ್ಕೆ ಹಾಕಿದ ದಿನ ಹಿಂದಿನ ಗೇರೇ ಕಿತ್ತು ಬರ್ತೈತಿ. ಮನುಷ್ಯ ಮರೀತಾನೆ ಅಂತ ಇಟ್ಕಂಡೇ ಕತ್ತರಿಸಬೇಕು ರಫೀಕ್."

ಚೈನು ಸಣ್ಣ ಚಕ್ರದಿಂದ ಒಳಗೆ ಜಾರಿ ಫ್ರೇಮಿಗೆ ಸಿಕ್ಕಿಕೊಳ್ಳುವ ಭಯವಿತ್ತು. ಅದಕ್ಕೆ ತಮ್ಮ ಅಲ್ಯೂಮಿನಿಯಂ ಸ್ಕೇಲಿನ ತುಂಡು ಕತ್ತರಿಸಿ, ಬಗ್ಗಿಸಿ, ಫ್ರೇಮಿಗೆ ಕ್ಲಿಪ್ಪು ಹಾಕಿ ತಡೆಯಂತೆ ನಿಲ್ಲಿಸಿದರು. ಸೆಂಟಿಮೀಟರಿನ ಗೆರೆಗಳು ಹೊರಗೇ ಕಾಣುತ್ತಿದ್ದವು. ಕ್ರ್ಯಾಂಕಿನ ಬೋಲ್ಟ್ ಬಿಗಿಸಿದಾಗ "ಇನ್ನೊಂದು ಸುತ್ತು ಬಿಗೀರಿ, ಸಡಿಲ ಆದ್ರೆ?" ಎಂದೆ. "ಹೆದರ್ಕೊಂಡು ಬಿಗಿದ್ರೆ ಸೀಳ್ತೈತಿ ಸಿಸ್ಟರ್‌ ಅವ್ರೇ" ಎಂದು ಪಾನಾ ಟ್ರೇಯಲ್ಲಿ ಇಟ್ಟರು.

ಸಂಜೆ ಅಂಜನಾಪುರದ ಕಡೆ ಒಂದು ಸುತ್ತು ಹೋಗಿ ಬಂದು, ಬೋಲ್ಟ್ ಮತ್ತೊಮ್ಮೆ ನೋಡಿ, "ಎಲ್ಲ ಸರಿ" ಎಂದರು. ನನಗೆ ಸರಿಯೆನಿಸಲಿಲ್ಲ. ಹೊಸದಾಗಿ ಹೊಲಿಗೆ ಹಾಕಿದ ರೋಗಿಯನ್ನು ಮಾರನೇ ದಿನವೇ ನಡೆಸಿಕೊಂಡು ಮನೆಗೆ ಕಳಿಸುವವರುಂಟೇ? ಹಾಗಾಗಿ ಆ ಗುರುವಾರ ನಾನೂ ಸೊರಬಕ್ಕೆ ಹೊರಟೆ. ಅವರು ಸೈಕಲ್ಲಿನಲ್ಲಿ, ನಾನು ಬಸ್ಸಿನಲ್ಲಿ. ದಾರಿಯಲ್ಲಿ ಏನಾದರೂ ಆಗಿದ್ದರೆ ಕಂಡೇ ಕಾಣುತ್ತದೆ ಎಂದು ಎಡಗಡೆಯ ಕಿಟಕಿ ಹಿಡಿದು ಕೂತೆ.

ಶಿರಾಳಕೊಪ್ಪದವರೆಗೂ ಅವರು ಕಾಣಲಿಲ್ಲ. ಮೊದಲು ಮುಂದೆ ಇದ್ದಾರೆ ಅಂದುಕೊಂಡೆ. ಶಿರಾಳಕೊಪ್ಪ ದಾಟಿದರೂ ಕಾಣಲಿಲ್ಲ. ಆಗ ಹಿಂದೆ ಉಳಿದರೇನೋ ಅನ್ನಿಸಿತು. ಒಂದು ತಿರುವಿನಲ್ಲಿ ಜನ ಗುಂಪಾಗಿ ನಿಂತಿದ್ದರು. ನಾನು ಸೀಟಿನಿಂದ ಎದ್ದೇಬಿಟ್ಟೆ. ಕಂಡಕ್ಟರ್ "ಅಮ್ಮಾ, ಸ್ಟಾಪ್ ಅಲ್ರೀ ಇದು" ಎಂದ. ಕರು ಒಂದು ಚರಂಡಿಗೆ ಬಿದ್ದಿತ್ತು, ಎತ್ತುತ್ತಿದ್ದರು. ಕೂತೆ. ಫೋನ್ ಮಾಡಿದರೆ ಎತ್ತುವುದಿಲ್ಲವೆಂದು ಗೊತ್ತಿತ್ತು. ತುಳಿಯುವಾಗ ಅವರು ಎತ್ತುತ್ತಿರಲಿಲ್ಲ. ಆದರೂ ಮಾಡಿದೆ.

ಅಕ್ಕನ ಮನೆ ಕೆಂಪು ಮಣ್ಣಿನ ಒಂದು ಗಿಡ್ಡ ಏರಿನ ತುದಿಯಲ್ಲಿದೆ. ನಾನು ಏದುಸಿರು ಬಿಡುತ್ತ ಹತ್ತಿ ಹೋದಾಗ ಸೊಸೆ ಅಂಗಳ ಗುಡಿಸುತ್ತಿದ್ದಳು. "ಮಾವ ಇನ್ನೂ ಬರ್ಲಿಲ್ಲ ಆಂಟಿ. ಗುರುವಾರ ಇಷ್ಟೊತ್ತಿಗೆ ಬಂದಿರ್ತಿದ್ರು" ಎಂದಳು.

ಅಕ್ಕ ಒಳಗಿನ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದರು. ತೆಳ್ಳನೆಯ ಮೈ, ನೆಟ್ಟಗಿನ ಬೆನ್ನು. "ನೀವು ಯಾರು? ಎಂತಕ್ಕೆ ಬಂದ್ರಿ?" ಎಂದರು. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ, "ನೀವು ಯಾರು? ಎಂತಕ್ಕೆ ಬಂದ್ರಿ?" ಮತ್ತೆ ಹೇಳಿದೆ. ಅವರ ಕಿವಿ ನನ್ನ ಮಾತಿನ ಕಡೆ ಇರಲಿಲ್ಲ, ಹೊರಗಡೆ ಇತ್ತು. ನನ್ನದೂ ಹಾಗೇ. ಇಬ್ಬರೂ ಒಂದೇ ಸದ್ದಿಗೆ ಕಾಯುತ್ತ ಕೂತೆವು.

ಸದ್ದು ಬರಲೇ ಇಲ್ಲ. ಮೇಷ್ಟ್ರೇ ಬಂದರು. ಬಾಗಿಲಲ್ಲಿ ನೆರಳು ಬಿದ್ದಾಗ ತಲೆಯೆತ್ತಿದೆ, ನಿಂತಿದ್ದಾರೆ. ಬೆವರಿದ ಮುಖದ ತುಂಬ ನಗು. ದಾರಿಯಲ್ಲಿ ಒಂದು ಮೋರಿಯ ಮರೆಗೆ ಕೂತು ಗೇರು ಸರಿಮಾಡಿಕೊಂಡರಂತೆ, ಬಸ್ಸು ಹಾದುಹೋದದ್ದು ಆಗಲೇ ಇರಬೇಕು. "ಸಿಸ್ಟರ್‌ ಅವ್ರೇ, ಪೂರಾ ಏರು ತುಳ್ಕೊಂಡೇ ಹತ್ತಿದೆ! ಗೇಟಿನ ತನಕ ಇಳೀಲೇ ಇಲ್ಲ! ಮಂಡಿ ಇದೆಯೋ ಇಲ್ವೋ ಗೊತ್ತಾಗ್ಲಿಲ್ಲ" ಎಂದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಕಂಡದ್ದು ಅದೊಂದೇ ಸಲ.

ಅಕ್ಕ ಸೆರಗು ಹೊದ್ದುಕೊಂಡು ಹಿಂದೆ ಸರಿದರು. "ಯಾರಪ್ಪ ನೀನು? ಕಂದಾಯ ಕಟ್ಟಿ ಆಗಿದೆ. ನನ್ ತಮ್ಮ ಬರೋ ಹೊತ್ತಿದು, ನೀ ಹೊರಡು."

ಮೇಷ್ಟ್ರ ನಗು ಹಾಗೇ ಮುಖದ ಮೇಲೆ ಉಳಿದು, ಆಮೇಲೆ ಇಳಿಯಿತು. ನನಗೆ ಏನಾಯಿತೆಂದು ಹೊಳೆಯಲಿಲ್ಲ. ಅವರಿಗೆ ಹೊಳೆಯಿತು. ಫ್ರೀವೀಲ್ ಸದ್ದು ಮಾಡುವುದು ಕಾಲು ತುಳಿಯದಿದ್ದಾಗ ಮಾತ್ರ. ಇಷ್ಟು ವರ್ಷ ಆ ಏರು ಅವರ ಮಂಡಿಗೆ ಮೀರಿದ್ದು. ಬುಡದಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ತಳ್ಳುವಾಗ ಪೆಡಲ್ ನಿಂತಿರುತ್ತದೆ, ಚಕ್ರ ತಿರುಗುತ್ತದೆ, ಟಿಕಟಿಕ ಎನ್ನುತ್ತದೆ. ಅಕ್ಕ ಗುರುತು ಹಿಡಿದದ್ದು ತಮ್ಮ ಸೋತು ನಡೆದು ಬರುವ ಸದ್ದನ್ನು. ಫ್ರೀವೀಲಿಗೆ ಏನೂ ಆಗಬಾರದೆಂದು ಅಷ್ಟು ಕಾಪಾಡಿದ ಮನುಷ್ಯ, ತುಳಿದುಕೊಂಡು ಹತ್ತಿದರೆ ಅದು ಮಾತೇ ಆಡುವುದಿಲ್ಲವೆಂಬುದನ್ನು ಯೋಚಿಸಿರಲಿಲ್ಲ. ನಾನೂ, ರಫೀಕೂ ಯೋಚಿಸಿರಲಿಲ್ಲ.

ಮೇಷ್ಟ್ರು ಹೊರಗೆ ಹೋದರು. ಕಿಟಕಿಯಲ್ಲಿ ನೋಡಿದೆ: ಸೈಕಲ್ ಹಿಡಿದು ಏರಿನ ಬುಡದವರೆಗೆ ಇಳಿದರು. ಅಲ್ಲಿ ತಿರುಗಿಸಿಕೊಂಡರು. ತಳ್ಳಿಕೊಂಡು ಹತ್ತತೊಡಗಿದರು, ನಿಧಾನವಾಗಿ. ಸದ್ದು ಹತ್ತಿರವಾಯಿತು.

ಅಕ್ಕನ ಬೆನ್ನು ಸಡಿಲಾಯಿತು. "ತಮ್ಮಾ, ಬಂದ್ಯನಾ? ಎಷ್ಟೊತ್ತು ಮಾರಾಯ! ಯಾರೋ ಬಂದು ಕೂತಿದಾರೆ ನೋಡು, ಹೋಗೋದೇ ಇಲ್ಲ ಅಂತಾರೆ."

ಅದು ನನ್ನ ಬಗ್ಗೆ. ಮೇಷ್ಟ್ರು ಒಳಗೆ ಬಂದು ಅವರ ಪಕ್ಕ ಕೂತು, "ಇರ್ಲಿ ಬಿಡಕ್ಕಾ, ಒಳ್ಳೆಯೋರು" ಎಂದು ಜೇಬಿನಿಂದ ಉಗುರು ಕತ್ತರಿ ತೆಗೆದರು.

ಆಮೇಲಿನ ಗುರುವಾರಗಳಲ್ಲಿ ಅವರು ದಾರಿಯುದ್ದಕ್ಕೂ ಸಣ್ಣ ಚೈನ್‌ವೀಲಿನಲ್ಲಿ ಹಗುರವಾಗಿ ತುಳಿದು, ಕೊನೆಯ ಏರಿನ ಬುಡದಲ್ಲಿ ಮಾತ್ರ ಇಳಿಯುವರು. ಮಂಡಿಯ ಊತ ಶನಿವಾರದೊಳಗೆ ಇಳಿಯತೊಡಗಿತು. ನನ್ನ ಹೆದರಿಕೆ ಇಳಿಯಲಿಲ್ಲ. ಎಲ್ಲ ಸರಿಹೋದಾಗಲೇ ಏನಾದರೂ ಆಗುವುದು ಎಂದು ಆಸ್ಪತ್ರೆ ನನಗೆ ಕಲಿಸಿದೆ.

ಆಯಿತು, ಹೇಳಿದೆನಲ್ಲ, ಮಧ್ಯಾಹ್ನದ ನಿದ್ದೆಯಲ್ಲಿ. ಅಕ್ಕನ ಮಗ ಬಂದು ಎಲ್ಲ ಮಾಡಿದ. ಅಕ್ಕನನ್ನು ಕರೆತರುವುದು ಬೇಡವೆಂದು ನಾವೇ ತೀರ್ಮಾನಿಸಿದೆವು. ಅವರಿಗೆ ಹೇಳುವುದೂ ಬೇಡ, ಹೇಗೂ ಕೇಳುವುದಿಲ್ಲ ಎಂದ ಅವನು. ಅದು ನಿಜವಾಯಿತು. ಅವರು ತಮ್ಮನನ್ನು ಕೇಳಲೇ ಇಲ್ಲ.

ಆದರೆ ಕೆಲವು ವಾರಗಳ ನಂತರ ಸೊಸೆ ಫೋನ್ ಮಾಡಿದಳು. "ಆಂಟಿ, ಅತ್ತೆ ಗುರುವಾರ ಒಂದು ತುತ್ತೂ ತಿಂತಿಲ್ಲ. ಉಳಿದ ದಿನ ಸರಿ ಇರ್ತಾರೆ. ವಾರ ಯಾವ್ದು ಅಂತ ಅವ್ರಿಗೆ ಗೊತ್ತಿಲ್ಲ, ಆದ್ರೂ ಗುರುವಾರ ಬೆಳಿಗ್ಗೆಯಿಂದ ಬಾಗಿಲ ಕಡೆ ತಿರುಗಿ ಕೂತ್ಕೊಳ್ತಾರೆ. ಕೇಳಿದ್ರೆ ಎಂತದೂ ಇಲ್ಲ ಅಂತಾರೆ." ಆಮೇಲೆ, "ಸೈಕಲ್ ನಿಮ್ಮಲ್ಲೇ ಇದ್ಯಲ್ಲ, ತಂದು ಒಂದ್ಸಲ ಏರಿನಲ್ಲಿ ತಳ್ಳಿದ್ರೆ ಆಗ್ತಿತ್ತೇನೋ" ಎಂದಳು.

ಇಡೀ ದಿನ ಯೋಚಿಸಿದೆ. ಸದ್ದು ಕೇಳಿದರೆ ಅವರು "ಬಂದ್ಯನಾ?" ಎನ್ನುತ್ತಾರೆ, ಖಂಡಿತ. ಆಮೇಲೆ ಬಾಗಿಲಲ್ಲಿ ಯಾರು ನಿಲ್ಲಬೇಕು? ಆಗುವುದಿಲ್ಲ ಎಂದೆ. ನಾನೇ ಬರುತ್ತೇನೆ ಎಂದೆ, ಬಸ್ಸಿನಲ್ಲಿ.

ಕಳೆದ ಗುರುವಾರ ಹೋದೆ. ಮಧ್ಯಾಹ್ನದವರೆಗೂ ಅಕ್ಕ ಬಾಗಿಲು ನೋಡುತ್ತಲೇ ಕೂತಿದ್ದರು. ತಟ್ಟೆ ಮುಂದಿಟ್ಟರೆ ಸರಿಸಿದರು. ಎರಡು ಮೂರು ಸಲ ನಾನು ಯಾರೆಂದು ಕೇಳಿದರು, ಹೇಳಿದೆ. ಕೊನೆಗೆ ನನ್ನ ಕಡೆ ಪೂರ್ತಿ ತಿರುಗಿ, ಮುಜುಗರಪಡುವವರಂತೆ ದನಿ ತಗ್ಗಿಸಿದರು.

"ನಾ ಯಾರನ್ನ ಕಾಯ್ತಾ ಇದೀನಿ?"

ಸೊಸೆ ಅಡುಗೆಮನೆಯ ಬಾಗಿಲಲ್ಲಿ ಬೇಡವೆಂದು ತಲೆಯಾಡಿಸುತ್ತಿದ್ದಳು.

"ನಿಮ್ ತಮ್ಮನ್ನ" ಎಂದೆ.

"ಬರ್ತಾನಾ?"

"ಇಲ್ಲಮ್ಮ. ತೀರ್ಕೊಂಡ್ರು. ನಾನೇ ನೋಡ್ದೆ. ನಿದ್ದೇಲಿ ಹೋದ್ರು, ನೋವಾಗ್ಲಿಲ್ಲ."

ನಾನು ಅವರ ಮಣಿಕಟ್ಟು ಹಿಡಿದೆ. ನಾಡಿ ಓಡುತ್ತಿತ್ತು, ಆಮೇಲೆ ನಿಧಾನವಾಯಿತು. ಬಾಗಿಲ ಕಡೆಯಿಂದ ಮುಖ ತಿರುಗಿಸಿ ಸೊಸೆಯನ್ನು ಕರೆದರು.

"ಹಂಗಾರೆ ಅನ್ನ ಹಾಕು. ಇವ್ರಿಗೂ ಹಾಕು."

ಇಬ್ಬರೂ ಉಂಡೆವು. ಇಂದು ಬುಧವಾರ. ನಾಳೆ ಅವರು ಮತ್ತೆ ಕೇಳುತ್ತಾರೆ, ನಾನು ಮತ್ತೆ ಮೊದಲಿನಿಂದ ಹೇಳಬೇಕು.